ಹೆಸರಲ್ಲ, ಕೆಲಸ ನೋಡಿ: ಮನೆಯಲ್ಲೇ ಕಟ್ಟಿದ ಕಂಪ್ರೆಸರ್ ಪೆಡಲ್‌ನಲ್ಲಿ ಡಯೋಡ್, ರೆಸಿಸ್ಟರ್ ಬದಲಿಸುವ ಬಗೆ

"ಅದಿಲ್ಲ ಸರ್, ಇದನ್ನ ಹಾಕಿ, ಎರಡೂ ಸೇಮ್." ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿಭಾಗಗಳ ಪಟ್ಟಿ ಹಿಡಿದು ನಿಂತವರಿಗೆ ಈ ಮಾತು ಹೊಸದಲ್ಲ. 1ಎನ್914 ಡಯೋಡ್ ಕೇಳಿದರೆ 1ಎನ್4148 ಕೈಗೆ ಬರುತ್ತದೆ. 150 ಕೆ (ಕಿಲೋ ಓಮ್) ರೆಸಿಸ್ಟರ್ ಕೇಳಿದರೆ "ನೂರೈವತ್ತಿಲ್ಲ, ನೂರಿಪ್ಪತ್ತಿದೆ, ಕೊಡ್ಲಾ?" ಅನ್ನುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ.

ಹಾಗೆ ಹೂಂ ಅಂದು ನಾನು ಗೆದ್ದಿದ್ದೂ ಇದೆ. ಸುಲಭಕ್ಕೆ ಸಿಗದ ಒಂದು ಐಸಿಯನ್ನು ಸಾಯಿಸಿದ್ದೂ ಇದೆ. ಅದರ ಕಥೆ ಮುಂದೆ ಬರುತ್ತದೆ. ಅಂಗಡಿಗೆ ಹೋಗುವ ಮುಂಚೆ ಯಾವುದಕ್ಕೆ ಯಾವುದು ನಡೆಯುತ್ತದೆ, ಎಲ್ಲಿ ಹಟ ಹಿಡಿಯಬೇಕು, ಎಲ್ಲಿ ಸುಮ್ನೆ ಇದ್ದುದನ್ನು ತಗೊಂಡು ಬರಬಹುದು ಎಂದು ಗೊತ್ತಿದ್ದರೆ ಕೆಲಸ ಅರ್ಧ ಆದಂತೆ.

ಯಾವ ಸರ್ಕ್ಯೂಟ್ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಎಂಎಕ್ಸ್‌ಆರ್ ಕಂಪನಿ 1970ರ ದಶಕದಲ್ಲಿ ಡೈನಾ ಕಾಂಪ್ ಎಂಬ ಕೆಂಪು ಕಂಪ್ರೆಸರ್ ಪೆಡಲ್ ತಂದಿತು. ಗಿಟಾರ್‌ನ ಜೋರು, ಮೆಲ್ಲಗಿನ ಸ್ವರಗಳನ್ನು ಸಮಕ್ಕೆ ತರುವ, ಕಾಲಲ್ಲಿ ಒತ್ತುವ ಡಬ್ಬಿ ಅದು. ರಾಸ್ ಕಂಪ್ರೆಸರ್ ಅದರ ಹತ್ತಿರದ ನೆಂಟ. ಮನೆಯಲ್ಲಿ ಕಂಪ್ರೆಸರ್ ಕಟ್ಟುವವರು ಬಹಳಷ್ಟು ಮಂದಿ ಈ ಎರಡರಲ್ಲಿ ಒಂದನ್ನು ಹಿಡಿಯುತ್ತಾರೆ. ಒಳಗೆ ಸಿಎ3080 ಎಂಬ ಎಂಟು ಕಾಲಿನ ಐಸಿ, ಐದು ಸಣ್ಣ ಟ್ರಾನ್ಸಿಸ್ಟರ್, ಎರಡು ಡಯೋಡ್, ಒಂದು ಹಿಡಿ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್. ಅಷ್ಟೇ.

ನನಗೆ ಇದು ಬೇಕಾಗಿದ್ದು ಗಣೇಶನ ಪೆಂಡಾಲ್‌ನಲ್ಲಿ ಭಾವಗೀತೆಗಳಿಗೆ ಗಿಟಾರ್ ನುಡಿಸಲು. ಬೆರಳಲ್ಲಿ ಮೀಟಿದಾಗ ಒಂದು ಸ್ವರ ಜೋರು, ಇನ್ನೊಂದು ಮೆಲ್ಲಗೆ. ತಬಲಾ ಶುರುವಾದರೆ ಮೆಲ್ಲಗಿನದು ಯಾರಿಗೂ ಕೇಳದು. ಕಂಪ್ರೆಸರ್ ಇದ್ದರೆ ಎರಡೂ ಸಮಕ್ಕೆ ಬರುತ್ತವೆ.

ಅಜ್ಜ ಮತ್ತು ರಿಮೋಟ್

ಒಳಗೆ ಏನಾಗುತ್ತದೆ? ಟಿವಿ ಮುಂದೆ ರಿಮೋಟ್ ಹಿಡಿದು ಕೂತ ಅಜ್ಜನನ್ನು ನೆನೆಸಿಕೊಳ್ಳಿ. ಜಾಹೀರಾತು ಜೋರಾಗಿ ಬಂದರೆ ತಕ್ಷಣ ವಾಲ್ಯೂಮ್ ಇಳಿಸುತ್ತಾರೆ. ಧಾರಾವಾಹಿ ಮತ್ತೆ ಶುರುವಾಗಿ ಮಾತು ಮೆಲ್ಲಗಾದರೆ ನಿಧಾನವಾಗಿ ಏರಿಸುತ್ತಾರೆ. ನಮ್ಮ ಪೆಡಲ್‌ನಲ್ಲಿ ಸಿಎ3080 ಅಜ್ಜನ ಕೈ. ಎರಡು ಡಯೋಡ್ ಮತ್ತು ಅವುಗಳ ಪಕ್ಕದ ಎರಡು ಟ್ರಾನ್ಸಿಸ್ಟರ್ ಅಜ್ಜನ ಕಿವಿ. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮತ್ತು 150 ಕೆ ರೆಸಿಸ್ಟರ್ ಅವರ ತಾಳ್ಮೆ. ಸೆನ್ಸಿಟಿವಿಟಿ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) ಮತ್ತು 27 ಕೆ ರೆಸಿಸ್ಟರ್ ಸೇರಿ ಆ ಕೈ ಎಷ್ಟರವರೆಗೆ ಏರಿಸಬಹುದು ಎಂದು ತೀರ್ಮಾನಿಸುತ್ತವೆ.

ಈಗ ತಾಂತ್ರಿಕವಾಗಿ. ನುಡಿಸದೆ ಸುಮ್ಮನಿದ್ದಾಗ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 150 ಕೆ ಮೂಲಕ ಹೆಚ್ಚುಕಮ್ಮಿ 9 ವೋಲ್ಟ್‌ವರೆಗೆ ತುಂಬಿರುತ್ತದೆ. ಆ ವೋಲ್ಟೇಜ್ ಒಂದು ಟ್ರಾನ್ಸಿಸ್ಟರ್ ಮತ್ತು 27 ಕೆ ದಾಟಿ ಐಸಿಯ 5ನೇ ಕಾಲಿಗೆ ಕರೆಂಟ್ ಕೊಡುತ್ತದೆ. ಕರೆಂಟ್ ಜಾಸ್ತಿ ಇದ್ದಷ್ಟೂ ಐಸಿ ಸಪ್ಪಳವನ್ನು ಜಾಸ್ತಿ ಏರಿಸುತ್ತದೆ. ತಂತಿ ಮೀಟಿದಾಗ ಹೊರಬಂದ ಸಿಗ್ನಲ್ ಎರಡು ಡಯೋಡ್‌ಗಳ ಹತ್ತಿರ ಬರುತ್ತದೆ. ಅದು ಸಾಕಷ್ಟು ದೊಡ್ಡದಿದ್ದರೆ ಪಕ್ಕದ ಟ್ರಾನ್ಸಿಸ್ಟರ್‌ಗಳು ಆನ್ ಆಗಿ ಕೆಪ್ಯಾಸಿಟರನ್ನು ಖಾಲಿ ಮಾಡುತ್ತವೆ. 5ನೇ ಕಾಲಿನ ಕರೆಂಟ್ ಇಳಿಯುತ್ತದೆ, ಸಪ್ಪಳವೂ ಇಳಿಯುತ್ತದೆ.

ಗಮನಿಸಿದಿರಾ? ಡಯೋಡ್ ಹಾಡಿನ ದಾರಿಯಲ್ಲಿ ಇಲ್ಲವೇ ಇಲ್ಲ. ಓವರ್‌ಡ್ರೈವ್, ಡಿಸ್ಟಾರ್ಷನ್ ಪೆಡಲ್ ಕಟ್ಟಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಡಯೋಡ್ ಸಿಗ್ನಲ್‌ನ ತಲೆ ಕತ್ತರಿಸುತ್ತದೆ, ಆದ್ದರಿಂದ ಡಯೋಡ್ ಬದಲಿಸಿದರೆ ನಾದವೇ ಬದಲಾಗುತ್ತದೆ. ಇಲ್ಲಿ ಡಯೋಡ್ ಬರೀ ಕೇಳಿಸಿಕೊಳ್ಳುತ್ತದೆ. ಜರ್ಮೇನಿಯಂ ಡಯೋಡ್ ಹಾಕಿದರೆ ನಾದ "ಬೆಚ್ಚಗಾಗುತ್ತದೆ" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಬದಲಾಗುವುದು ಅಜ್ಜ ಎಷ್ಟು ಬೇಗ ರೇಗುತ್ತಾರೆ ಎಂಬುದು.

ಮೊದಲ ಹೆಜ್ಜೆ: ಚಿತ್ರಕ್ಕೆ ಬಣ್ಣ ಹಚ್ಚಿ

ಸ್ಕೀಮ್ಯಾಟಿಕ್ ಪ್ರಿಂಟ್ ತೆಗೆದುಕೊಳ್ಳಿ. ಮೂರು ಬಣ್ಣದ ಪೆನ್ಸಿಲ್ ಸಾಕು. ಇನ್‌ಪುಟ್ ಜ್ಯಾಕ್‌ನಿಂದ ಔಟ್‌ಪುಟ್ ಜ್ಯಾಕ್‌ವರೆಗೆ ಸಪ್ಪಳ ಹೋಗುವ ದಾರಿಗೆ ಒಂದು ಬಣ್ಣ. ಡಯೋಡ್‌ಗಳಿಂದ 5ನೇ ಕಾಲಿನವರೆಗಿನ ಕಿವಿ ಮತ್ತು ತಾಳ್ಮೆಯ ಭಾಗಕ್ಕೆ ಇನ್ನೊಂದು. ಬ್ಯಾಟರಿ, ಅಡಾಪ್ಟರ್ ಭಾಗಕ್ಕೆ ಮೂರನೆಯದು. ಮೊದಲ ಬಣ್ಣದಲ್ಲಿರುವ ರೆಸಿಸ್ಟರ್ ಬದಲಿಸಿದರೆ ಸದ್ದು ಮತ್ತು ಹಿಸ್ (ಹಿನ್ನೆಲೆಯ ಸುಯ್ ಎನ್ನುವ ಸದ್ದು) ಬದಲಾಗುತ್ತವೆ. ಎರಡನೆಯದರಲ್ಲಿ ಬದಲಿಸಿದರೆ ಹಿಂಡುವ, ಅಂದರೆ ಜೋರು ಸಪ್ಪಳವನ್ನು ತಗ್ಗಿಸುವ, ರೀತಿ ಬದಲಾಗುತ್ತದೆ. ಮೂರನೆಯದರಲ್ಲಿ ತಪ್ಪಿದರೆ ಪೆಡಲ್ಲೇ ಹೋಗುತ್ತದೆ. ಮಕ್ಕಳಾಟ ಅನ್ನಿಸಬಹುದು. ನಾನಂತೂ ಇದನ್ನು ಬಿಟ್ಟು ಯಾವತ್ತೂ ಸೋಲ್ಡರಿಂಗ್ ಐರನ್ ಬಿಸಿ ಮಾಡುವುದಿಲ್ಲ.

ಎರಡನೇ ಹೆಜ್ಜೆ: ಕಿವಿಯ ಡಯೋಡ್‌ಗಳು

ಮೂಲ ಚಿತ್ರದಲ್ಲಿ ಎರಡು 1ಎನ್914 ಇರುತ್ತವೆ. ಪ್ರತಿಯೊಂದರ ಪಟ್ಟಿ ಇರುವ ತುದಿ ಒಂದು ಟ್ರಾನ್ಸಿಸ್ಟರ್‌ನ ಬೇಸ್‌ಗೆ (ಅದನ್ನು ಆನ್ ಮಾಡುವ ಕಾಲು), ಇನ್ನೊಂದು ತುದಿ ಗ್ರೌಂಡ್‌ಗೆ. ಸಿಗ್ನಲ್ ಒಂದು ಸಣ್ಣ ಕೆಪ್ಯಾಸಿಟರ್ ಮೂಲಕ ಇಲ್ಲಿಗೆ ಬರುತ್ತದೆ. ಅದು ಕೆಳಮುಖ ಹೋದಾಗ ಡಯೋಡ್ ತಡೆಯುತ್ತದೆ, ಮೇಲ್ಮುಖ ಬಂದಾಗ ಟ್ರಾನ್ಸಿಸ್ಟರ್ ಆನ್ ಆಗುತ್ತದೆ. ಅಂದರೆ ಸಿಗ್ನಲ್‌ನ ತುದಿಯಿಂದ ತುದಿಗೆ ಇರುವ ಎತ್ತರ, ಡಯೋಡ್‌ನ ಡ್ರಾಪ್ (ಅದರಲ್ಲಿ ಕರೆಂಟ್ ಹರಿಯಲು ಬೇಕಾದ ವೋಲ್ಟೇಜ್) ಮತ್ತು ಟ್ರಾನ್ಸಿಸ್ಟರ್ ಬೇಸ್‌ನ ಡ್ರಾಪ್ ಎರಡೂ ಸೇರಿದಷ್ಟು ಆದಾಗ ಅಜ್ಜನಿಗೆ ಕೇಳಿಸುತ್ತದೆ.

ಇಲ್ಲಿ ಹರಿಯುವುದು ಮೈಕ್ರೋ ಆಂಪಿಯರ್‌ಗಳ ಲೆಕ್ಕದ ಕರೆಂಟ್. ಇಷ್ಟು ಸಣ್ಣ ಕರೆಂಟ್‌ಗೆ ಸಿಲಿಕಾನ್ ಡಯೋಡ್‌ನ ಡ್ರಾಪ್ ಪುಸ್ತಕದ 0.7 ಅಲ್ಲ, ಸುಮಾರು 0.45 ವೋಲ್ಟ್. ಟ್ರಾನ್ಸಿಸ್ಟರ್‌ನದು ಸುಮಾರು 0.55. ಒಟ್ಟು 1 ವೋಲ್ಟ್. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಯಾವ ಡಯೋಡ್ ಕೊಟ್ಟರೂ ಏನಾಗುತ್ತದೆ ಎಂದು ಕೌಂಟರ್ ಮುಂದೆಯೇ ಹೇಳಬಹುದು.

1ಎನ್4148 ಕೊಟ್ಟರೆ ಕಣ್ಣು ಮುಚ್ಚಿ ತಗೊಳ್ಳಿ. 1ಎನ್914ಕ್ಕೂ ಅದಕ್ಕೂ ಈ ಕೆಲಸದಲ್ಲಿ ವ್ಯತ್ಯಾಸ ಇಲ್ಲ.

1ಎನ್4007 ಬಗ್ಗೆ ಎಲ್ಲರೂ ಮೂಗು ಮುರಿಯುತ್ತಾರೆ. "ಅದು ಪವರ್ ಸಪ್ಲೈ ಡಯೋಡ್, 1000 ವೋಲ್ಟ್, ನಿಧಾನ" ಅಂತ. ನಿಜ, ನಿಧಾನವೇ. ಆದರೆ ಗಿಟಾರ್‌ನ ಸಪ್ಪಳಕ್ಕೆ ಆ ವೇಗ ಸಾಕು. ಇನ್ನು ವೋಲ್ಟೇಜ್ ರೇಟಿಂಗ್. ಈ ಜಾಗದಲ್ಲಿ ಡಯೋಡ್ ಮೇಲೆ ಹಿಮ್ಮುಖವಾಗಿ ಬೀಳುವುದು ಬೇಸ್‌ನ ಅರ್ಧ ಮುಕ್ಕಾಲು ವೋಲ್ಟ್ ಮಾತ್ರ. 100 ವೋಲ್ಟ್ ಆದರೇನು, 1000 ಆದರೇನು? ಭಾನುವಾರ ಎಸ್.ಪಿ. ರಸ್ತೆಯ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಸಂಜೆ ಕಾರ್ಯಕ್ರಮ ಇದೆ, ಮನೆಯಲ್ಲಿ ಇರುವುದು ಹಳೆಯ ಅಡಾಪ್ಟರ್‌ನಿಂದ ಕಿತ್ತ 1ಎನ್4007 ಮಾತ್ರ ಅಂದರೆ ಧೈರ್ಯವಾಗಿ ಹಾಕಿ. ಅದರ ಕಾಲು ದಪ್ಪ, ಬೋರ್ಡ್‌ನ ತೂತು ಸ್ವಲ್ಪ ದೊಡ್ಡದು ಮಾಡಬೇಕಾದೀತು. ತೊಂದರೆ ಅಷ್ಟೇ.

ಬಿಎಟಿ85, ಬಿಎಟಿ41 ತರಹದ ಸಣ್ಣ ಶಾಟ್ಕಿ ಡಯೋಡ್ ಆದರೆ ಡ್ರಾಪ್ ಸುಮಾರು 0.2 ವೋಲ್ಟ್. ಒಟ್ಟು 0.75ಕ್ಕೆ ಇಳಿಯುತ್ತದೆ. ಅಂದರೆ ಎರಡೂವರೆ ಡೆಸಿಬೆಲ್‌ನಷ್ಟು ಮೊದಲೇ ಹಿಂಡಲು ಶುರು. ಮೆಲ್ಲಗೆ ಬೆರಳಲ್ಲಿ ಮೀಟುವವರಿಗೆ ಇದು ಹಿಡಿಸಬಹುದು. ಆದರೆ ಒಂದು ಮಾತು. ಈ ಪೆಡಲ್ ತನ್ನ ಔಟ್‌ಪುಟ್ ನೋಡಿಕೊಂಡೇ ತನ್ನನ್ನು ಹಿಡಿದುಕೊಳ್ಳುವುದು. ಆದ್ದರಿಂದ ಬೇಗ ಹಿಂಡಿದರೆ ಔಟ್‌ಪುಟ್ ಕೂಡ ಅಷ್ಟೇ ಇಳಿಯುತ್ತದೆ. ವಾಲ್ಯೂಮ್ ನಾಬ್ ಸ್ವಲ್ಪ ಜಾಸ್ತಿ ತಿರುಗಿಸಬೇಕು.

ಕೆಂಪು ಎಲ್‌ಇಡಿ ಹಾಕಿದರೆ ಉಲ್ಟಾ. ಅದರ ಡ್ರಾಪ್ ಸುಮಾರು 1.5 ವೋಲ್ಟ್. ಒಟ್ಟು 2 ದಾಟುತ್ತದೆ, ಅಂದರೆ ಮೊದಲಿನ ಎರಡರಷ್ಟು, 6 ಡೆಸಿಬೆಲ್. ಪೆಡಲ್ ಜೋರಾಗುತ್ತದೆ, ತಡವಾಗಿ ಹಿಂಡುತ್ತದೆ. ಜೋರು ಪಿಕಪ್ ಇರುವ ಗಿಟಾರ್‌ಗೆ ನನಗೆ ಇದು ಇಷ್ಟವಾಯಿತು. ಎಲ್‌ಇಡಿ ಬೆಳಗುತ್ತದೆ ಅಂತ ಕಾಯಬೇಡಿ, ಆ ಕರೆಂಟ್‌ಗೆ ಅದು ಮಿಣುಕುವುದೂ ಇಲ್ಲ.

ಇನ್ನು ಜರ್ಮೇನಿಯಂ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಒಎ79 ಎಂಬ ಗಾಜಿನ ಡಯೋಡ್ ಇರುತ್ತಿತ್ತು. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ಮಾಡುತ್ತಿತ್ತು. ಹಾಗಾಗಿ ಈ ಊರಲ್ಲಿ ಅಟ್ಟದ ಮೇಲಿನ ಡಬ್ಬಿಗಳಲ್ಲಿ ಇಂಥ ಸಾಮಾನು ಇನ್ನೂ ಸಿಗುತ್ತದೆ. ಡ್ರಾಪ್ ಕಡಿಮೆ, ಶಾಟ್ಕಿ ಥರಾನೇ ಬೇಗ ಹಿಂಡಬೇಕು ಅಲ್ವಾ? ಯಾವಾಗಲೂ ಹಾಗಾಗುವುದಿಲ್ಲ. ಜರ್ಮೇನಿಯಂ ಹಿಮ್ಮುಖವಾಗಿಯೂ ಸೋರುತ್ತದೆ. ಸಿಗ್ನಲ್ ತರುವ ಆ ಸಣ್ಣ 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ 100 ಹರ್ಟ್ಸ್‌ನ ಸ್ವರ 1 ವೋಲ್ಟ್‌ಗೆ ತರುವುದೇ ಸುಮಾರು 6 ಮೈಕ್ರೋ ಆಂಪಿಯರ್. ಡಯೋಡ್ ಅದರಲ್ಲೇ ಒಂದೆರಡು ಸೋರಿಬಿಟ್ಟರೆ ಟ್ರಾನ್ಸಿಸ್ಟರ್‌ಗೆ ಸಿಗುವುದು ಕಡಿಮೆ. ದಪ್ಪ ತಂತಿಗಳಿಗೆ ಅಜ್ಜನ ಕಿವಿ ಮಂದವಾಗುತ್ತದೆ. ಮೇಲಾಗಿ ಸೋರಿಕೆ ಪ್ರತಿ 10 ಡಿಗ್ರಿ ಬಿಸಿಗೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಡಿಸೆಂಬರ್‌ನ ಬೆಳಗ್ಗೆ ಮನೆಯಲ್ಲಿ ಹೊಂದಿಸಿದ್ದು ಏಪ್ರಿಲ್ ಮಧ್ಯಾಹ್ನ ಶಾಮಿಯಾನದ ಕೆಳಗೆ ಬೇರೆಯೇ ಆಗಿರುತ್ತದೆ. ಅಪರೂಪದ ಡಯೋಡನ್ನು ಈ ಜಾಗಕ್ಕೆ ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಫಝ್ ಪೆಡಲ್‌ಗೆ ಇಟ್ಟುಕೊಳ್ಳಿ. ಹಾಕಲೇಬೇಕು ಅಂದರೆ ಬೆಸುಗೆ ಹಾಕುವಾಗ ಕಾಲಿಗೆ ಒಂದು ಕ್ಲಿಪ್ ಕಚ್ಚಿಸಿ. ಇವು ಬಿಸಿ ತಾಳುವುದಿಲ್ಲ.

1ಎನ್5817 ಕೂಡ ಶಾಟ್ಕಿಯೇ, ಆದರೆ ಪವರ್ ಜಾತಿಯದು, ಸೋರಿಕೆ ಜಾಸ್ತಿ. ಅದರ ಜಾಗ ಬೇರೆ, ಕೊನೆಗೆ ಬರುತ್ತೇನೆ.

ಯಾವುದೇ ಹಾಕಿ, ಎರಡೂ ಕಡೆ ಒಂದೇ ಬಗೆಯದನ್ನು ಹಾಕಿ. ಒಂದು ಸಿಲಿಕಾನ್, ಒಂದು ಎಲ್‌ಇಡಿ ಆದರೆ ಅಲೆಯ ಒಂದು ಮಗ್ಗಲು ಮಾತ್ರ ಕೇಳಿಸುತ್ತದೆ. ದಿಕ್ಕಿನ ಮೇಲೂ ಕಣ್ಣಿರಲಿ. ಡಯೋಡ್ ತಿರುಗಾಮುರುಗಾ ಆದರೆ ಹೊಗೆ ಬರುವುದಿಲ್ಲ, ಏನೂ ಸುಡುವುದಿಲ್ಲ. ಪೆಡಲ್ ಬರೀ ಜೋರಾಗುತ್ತದೆ, ಹಿಂಡುವುದಿಲ್ಲ. ಈ ಲಕ್ಷಣ ಕಂಡರೆ ಐಸಿಯನ್ನು ಬೈಯುವ ಮುಂಚೆ ಡಯೋಡ್‌ನ ಪಟ್ಟಿ ನೋಡಿ.

ಮೂರನೇ ಹೆಜ್ಜೆ: ಕೊಂಡಿದ್ದನ್ನು ಅಳೆಯಿರಿ

ಬಿಡಿಯಾಗಿ ಕೊಂಡ ಡಯೋಡ್‌ಗಳ ಮೇಲಿನ ಅಕ್ಷರ ಓದಲು ಭೂತಗನ್ನಡಿ ಬೇಕು. ಮಲ್ಟಿಮೀಟರ್‌ನ ಡಯೋಡ್ ಮೋಡ್ ಸುಲಭ. 1ಎನ್4148 ಸುಮಾರು 0.6 ತೋರಿಸುತ್ತದೆ. 1ಎನ್4007 ಅದಕ್ಕಿಂತ ಒಂಚೂರು ಕಡಿಮೆ. ಶಾಟ್ಕಿ, ಜರ್ಮೇನಿಯಂ 0.2ರಿಂದ 0.35ರ ಒಳಗೆ. ಕೆಂಪು ಎಲ್‌ಇಡಿ 1.6 ದಾಟುತ್ತದೆ. ಮೀಟರ್ ಕೊಡುವ ಕರೆಂಟ್ ಜಾಸ್ತಿ ಇರುವುದರಿಂದ ಈ ಅಂಕಿಗಳು ನಾನು ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಮೇಲೇ ಇರುತ್ತವೆ.

ಝೀನರ್ (ನಿಗದಿತ ವೋಲ್ಟೇಜ್ ದಾಟಿದರೆ ಹಿಮ್ಮುಖವಾಗಿಯೂ ಹರಿಯಬಿಡುವ ಡಯೋಡ್) ಕೂಡ ಅದೇ ಕಿತ್ತಳೆ ಬಣ್ಣದ ಗಾಜಿನ ಹೊದಿಕೆಯಲ್ಲಿ ಬರುತ್ತದೆ, ಡಯೋಡ್ ಮೋಡ್‌ನಲ್ಲಿ ಅದೂ 0.7ರ ಹತ್ತಿರವೇ ತೋರಿಸುತ್ತದೆ. ಅನುಮಾನ ಬಂದರೆ 9 ವೋಲ್ಟ್ ಬ್ಯಾಟರಿ, 10 ಕೆ ರೆಸಿಸ್ಟರ್, ಡಯೋಡ್ ಮೂರನ್ನೂ ಸಾಲಾಗಿ ಸೇರಿಸಿ. ಡಯೋಡ್‌ನ ಪಟ್ಟಿ ಬ್ಯಾಟರಿಯ ಪ್ಲಸ್ ಕಡೆ ಇರಲಿ. ಡಯೋಡ್ ಮೇಲೆ ಪೂರ್ತಿ 9 ಸಿಕ್ಕರೆ ಸಾಮಾನ್ಯ ಡಯೋಡ್ ಇಲ್ಲವೇ 9ಕ್ಕಿಂತ ಹೆಚ್ಚಿನ ಝೀನರ್, 5 ಅಥವಾ 3ರ ಆಸುಪಾಸು ಸಿಕ್ಕರೆ ಝೀನರ್. ತಮಾಷೆ ಅಂದರೆ ಕಿವಿಯ ಜಾಗದಲ್ಲಿ ಝೀನರ್ ಹಾಕಿದರೂ ಕೆಲಸ ನಡೆಯುತ್ತದೆ. ಹಿಮ್ಮುಖ ವೋಲ್ಟೇಜ್ ಒಂದು ವೋಲ್ಟ್ ಕೂಡ ಮುಟ್ಟುವುದಿಲ್ಲವಲ್ಲ!

ನಾಲ್ಕನೇ ಹೆಜ್ಜೆ: ತಾಳ್ಮೆಯ ರೆಸಿಸ್ಟರ್

150 ಕೆ ಬದಲು 120 ಕೆ ತರಬಹುದೇ? ಲೆಕ್ಕ ಹಾಕಿ. 150 ಕೆ ಮತ್ತು 10 ಮೈಕ್ರೋಫ್ಯಾರಡ್ ಗುಣಿಸಿದರೆ 1.5 ಸೆಕೆಂಡ್. ಹಿಂಡಿದ ಸಪ್ಪಳ ಮತ್ತೆ ಮೇಲೆ ಬರಲು ಬೇಕಾಗುವ ಕಾಲದ ಅಳತೆ ಇದು. 120 ಕೆ ಆದರೆ 1.2 ಸೆಕೆಂಡ್, 100 ಕೆ ಆದರೆ 1, 220 ಕೆ ಆದರೆ 2.2. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಸಾಮಾನ್ಯವಾಗಿ 20 ಪರ್ಸೆಂಟ್ ಆಚೀಚೆ ಇರುತ್ತದೆ. 10 ಅಂತ ಬರೆದದ್ದು 8 ಇರಬಹುದು, 12 ಇರಬಹುದು. ಹಾಗಿರುವಾಗ ಇಲ್ಲಿ 1 ಪರ್ಸೆಂಟ್ ರೆಸಿಸ್ಟರ್ ಹುಡುಕುವುದು ಸುಮ್ಮನೆ ಅಲೆದಾಟ. 120ರಿಂದ 180 ಕೆವರೆಗೆ ಏನು ಸಿಕ್ಕರೂ ನಡೆಯುತ್ತದೆ.

ಬೇಕೆಂದೇ ಬದಲಿಸುವವರಿಗೆ ಇದೇ ಒಳ್ಳೆಯ ಜಾಗ. ವೇಗದ ರಿದಮ್ ನುಡಿಸುವಾಗ ಮೊದಲ ಹೊಡೆತಕ್ಕೆ ಕುಗ್ಗಿದ ಸಪ್ಪಳ ಮೇಲೇಳುವಷ್ಟರಲ್ಲಿ ಮುಂದಿನ ಹೊಡೆತ ಬಂದಿರುತ್ತದೆ. 82 ಕೆ ಅಥವಾ 100 ಕೆ ಹಾಕಿ ನೋಡಿ, ಉಸಿರಾಟ ಹಗುರಾಗುತ್ತದೆ. ಇನ್ನೂ ಕೆಳಗಿಳಿದು 47 ಕೆ ಮಾಡಿದರೆ ಮಂದ್ರದ ತಂತಿಯಲ್ಲಿ ತೊಂದರೆ. ದಪ್ಪ ಇ ತಂತಿಯ ಕಂಪನ ಸುಮಾರು 82 ಹರ್ಟ್ಸ್. ಕೆಪ್ಯಾಸಿಟರ್ ಬೇಗ ಬೇಗ ತುಂಬತೊಡಗಿದರೆ ಒಂದು ಕಂಪನದ ಒಳಗೇ ಪೆಡಲ್ ಏರಿ ಇಳಿಯುತ್ತದೆ, ಸ್ವರ ಗೊರಗೊರ ಅನ್ನುತ್ತದೆ. ನಾನು 68 ಕೆ ಕೆಳಗೆ ಇಳಿಯುವುದಿಲ್ಲ.

ಐದನೇ ಹೆಜ್ಜೆ: ಈ 27 ಕೆ ಮಾತ್ರ ಹುಷಾರು

ಈಗ ಐಸಿ ಸತ್ತ ಕಥೆ. ರಾತ್ರಿ ಹನ್ನೊಂದು ಗಂಟೆ, ಹಳದಿ ಬಲ್ಬಿನ ಬೆಳಕು. ಕೆಂಪು, ನೇರಳೆ, ಕಿತ್ತಳೆ ಪಟ್ಟಿಯ ರೆಸಿಸ್ಟರ್ ಅಂದುಕೊಂಡು ಕೆಂಪು, ನೇರಳೆ, ಕೆಂಪು ಹಾಕಿಬಿಟ್ಟೆ. ಅಂದರೆ 27 ಕೆ ಜಾಗದಲ್ಲಿ 2.7 ಕೆ. ಪೆಡಲ್ ಕೆಲಸ ಮಾಡಿತು! ಸೆನ್ಸಿಟಿವಿಟಿ ನಾಬ್ ಕೆಳಗಿತ್ತು, ಚೆನ್ನಾಗೇ ಕೇಳಿಸುತ್ತಿತ್ತು. ಖುಷಿಯಲ್ಲಿ ನಾಬ್ ಪೂರ್ತಿ ತಿರುಗಿಸಿದೆ. ಒಂದು ಸಣ್ಣ ಟಪ್ ಸದ್ದು, ಆಮೇಲೆ ಮೌನ.

ಲೆಕ್ಕ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. 5ನೇ ಕಾಲಿನ ದಾರಿಯಲ್ಲಿ ಸುಮಾರು 7.6 ವೋಲ್ಟ್ ಉಳಿಯುತ್ತದೆ. 500 ಕೆ ಪಾಟ್ ಪೂರ್ತಿ ಅಡ್ಡ ಇದ್ದಾಗ ಹರಿಯುವುದು 15 ಮೈಕ್ರೋ ಆಂಪಿಯರ್‌ನಷ್ಟು ಮಾತ್ರ, 27 ಕೆ ಇರಲಿ 2.7 ಕೆ ಇರಲಿ. ಆದರೆ ಪಾಟ್ ಸೊನ್ನೆಗೆ ಬಂದಾಗ 27 ಕೆ ಒಂದೇ ಕಾವಲು. ಆಗ 0.28 ಮಿಲಿ ಆಂಪಿಯರ್. 2.7 ಕೆ ಇದ್ದರೆ 2.8 ಮಿಲಿ ಆಂಪಿಯರ್. ಸಿಎ3080ರ ಆ ಕಾಲು ತಾಳುವುದು ಹೆಚ್ಚೆಂದರೆ 2 ಮಿಲಿ ಆಂಪಿಯರ್. ಈ ಐಸಿ ತಯಾರಿಕೆ ನಿಂತು ವರ್ಷಗಳೇ ಆಗಿವೆ, ಮಾರುಕಟ್ಟೆಯಲ್ಲಿ ನಕಲಿಗಳೂ ಓಡಾಡುತ್ತವೆ. ಇನ್ನೊಂದು ಹುಡುಕಲು ನನಗೆ ಸಾಕುಸಾಕಾಯಿತು. ಇದರ ಬದಲು ಎಲ್‌ಎಂ13700 ಐಸಿ ಹಾಕಿ ಕಟ್ಟುವವರಿಗೂ ಇದೇ 2 ಮಿಲಿ ಆಂಪಿಯರ್ ಮಿತಿ.

27 ಕೆ ಸಿಗದಿದ್ದರೆ 33 ಕೆ ಹಾಕಿ, ಗೇನ್ (ಸಪ್ಪಳ ಏರಿಸುವ ಪ್ರಮಾಣ) ಒಂಚೂರು ಇಳಿಯುತ್ತದೆ ಅಷ್ಟೇ. 22 ಕೆ ಕೂಡ ಸರಿ. 22 ಕೆ ಮತ್ತು 4.7 ಕೆ ಸಾಲಾಗಿ ಸೇರಿಸಿದರೆ 26.7 ಕೆ, ಹೆಚ್ಚುಕಮ್ಮಿ ಅದೇ. ಜಾಸ್ತಿ ಹಿಂಡಬೇಕೆಂಬ ಆಸೆಗೆ 10 ಕೆಗಿಂತ ಕೆಳಗೆ ಹೋಗಬೇಡಿ. ಈ ರೆಸಿಸ್ಟರನ್ನು ಬಣ್ಣ ನಂಬಿ ಹಾಕಲೇಬೇಡಿ, ಮೀಟರ್‌ನಲ್ಲಿ ಅಳೆದೇ ಹಾಕಿ. ಐಸಿಗೆ ಸಾಕೆಟ್ ಹಾಕಿದ್ದರೆ, ಅದನ್ನು ಕೂರಿಸುವ ಮುಂಚೆ ಪಾಟ್ ಪೂರ್ತಿ ಏರಿಸಿಟ್ಟು ಖಾಲಿ ಸಾಕೆಟ್‌ನ 5ನೇ ತೂತಿನಿಂದ ಗ್ರೌಂಡ್‌ಗೆ ಮೀಟರ್‌ನಲ್ಲಿ ಕರೆಂಟ್ ನೋಡಿ. 0.3 ಮಿಲಿ ಆಂಪಿಯರ್ ಆಸುಪಾಸು ಬರಬೇಕು.

ಪಾಟ್ ವಿಷಯಕ್ಕೆ ಬಂದರೆ 500 ಕೆ ಬದಲು 470 ಕೆ ಧಾರಾಳವಾಗಿ ನಡೆಯುತ್ತದೆ. ಆದರೆ ಲೀನಿಯರ್ ಪಾಟ್‌ನಲ್ಲಿ ಎಲ್ಲ ಬದಲಾವಣೆಯೂ ಕೊನೆಯ ತುದಿಯಲ್ಲೇ ನಡೆಯುತ್ತದೆ, ಉಳಿದ ಸುತ್ತು ದಂಡ. ರಿವರ್ಸ್ ಲಾಗ್ ಪಾಟ್ ಒಳ್ಳೆಯದು, ಸಿಗುವುದು ಕಷ್ಟ. ಮಾಮೂಲಿ ಲಾಗ್ ಪಾಟನ್ನೇ ತಿರುವಿ ಜೋಡಿಸಿದರೆ ನಾಬ್ ಎಡಕ್ಕೆ ತಿರುಗಿಸಿದಾಗ ಏರುತ್ತದೆ. ನಾನು ಹಾಗೇ ಬಿಟ್ಟಿದ್ದೇನೆ. ಅಭ್ಯಾಸವಾಗಿದೆ.

ಜೋಡಿಗಳು, ಸಾಲು, ಪಕ್ಕಪಕ್ಕ

ಸರ್ಕ್ಯೂಟ್‌ನಲ್ಲಿ ಕೆಲವು ರೆಸಿಸ್ಟರ್‌ಗಳಿಗೆ ಎಷ್ಟು ಓಮ್ ಎಂಬುದಕ್ಕಿಂತ ಎರಡೂ ಸಮ ಇರುವುದು ಮುಖ್ಯ. ಸಿಗ್ನಲನ್ನು ಎರಡು ದಿಕ್ಕಿಗೆ ಒಡೆಯುವ ಟ್ರಾನ್ಸಿಸ್ಟರ್‌ನ ಕಲೆಕ್ಟರ್, ಎಮಿಟರ್‌ಗಳಲ್ಲಿ ಎರಡು 10 ಕೆ ಇರುತ್ತವೆ. ಎರಡೂ 9.8 ಆದರೆ ಸರಿ, ಎರಡೂ 10.3 ಆದರೂ ಸರಿ. ಒಂದು 9.5, ಇನ್ನೊಂದು 10.5 ಆದರೆ ಎರಡು ಕಿವಿಗಳಿಗೆ ಬೇರೆ ಬೇರೆ ಸಪ್ಪಳ ಕೇಳಿಸುತ್ತದೆ. 5 ಪರ್ಸೆಂಟ್‌ನ ಹತ್ತು ರೆಸಿಸ್ಟರ್ ತಂದು ಅಳೆದರೆ ಒಂದು ಒಳ್ಳೆಯ ಜೋಡಿ ಸಿಕ್ಕೇ ಸಿಗುತ್ತದೆ. ಐಸಿಯ 2 ಮತ್ತು 3ನೇ ಕಾಲಿಗೆ ಬಯಾಸ್ ಕೊಡುವ ರೆಸಿಸ್ಟರ್‌ಗಳಿಗೂ ಇದೇ ಮಾತು. ಅವು ಸಮ ಇಲ್ಲದಿದ್ದರೆ ಪ್ರತಿ ಹೊಡೆತಕ್ಕೂ ಸ್ಪೀಕರ್‌ನಲ್ಲಿ ದುಬ್ ಅಂತ ಕೇಳಿಸುತ್ತದೆ. ಅದನ್ನು ಸರಿಪಡಿಸಲೆಂದೇ ಒಂದು ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಪಾಟ್) ಇರುತ್ತದೆ, ಆದರೆ ಜೋಡಿ ತೀರಾ ಕೆಟ್ಟಿದ್ದರೆ ಪ್ರಿಸೆಟ್‌ಗೂ ಕೈಲಾಗದು.

ಬೇಕಾದ ಮೌಲ್ಯದ ರೆಸಿಸ್ಟರ್ ಇಲ್ಲದಾಗ ಎರಡನ್ನು ಸೇರಿಸಿ. ಸಾಲಾಗಿ ಆದರೆ ಕೂಡುವುದು, ಪಕ್ಕಪಕ್ಕ ಆದರೆ ಗುಣಿಸಿ ಮೊತ್ತದಿಂದ ಭಾಗಿಸುವುದು. 220 ಕೆ ಮತ್ತು 470 ಕೆ ಪಕ್ಕಪಕ್ಕ ಸೇರಿಸಿದರೆ 149.9 ಕೆ. ಇದು ಗೊತ್ತಿದ್ದರೆ 150 ಕೆ ಇಲ್ಲ ಅಂತ ಯಾರೂ ನಿಮ್ಮನ್ನು ವಾಪಸ್ ಕಳಿಸಲಾರರು. 1 ಮೆಗಾ ಬೇಕಿದ್ದ ಕಡೆ ಎರಡು 470 ಕೆ ಸಾಲಾಗಿ.

ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ರೆಸಿಸ್ಟರ್‌ಗಳಲ್ಲಿ ಖರ್ಚಾಗುವುದು ಮಿಲಿವ್ಯಾಟ್‌ಗಳು. ಕಾಲು ವ್ಯಾಟ್, ಅರ್ಧ ವ್ಯಾಟ್, ಬೋರ್ಡ್‌ನಲ್ಲಿ ಹಿಡಿದದ್ದು ಸರಿ.

ಕಾರ್ಬನ್ ಫಿಲ್ಮೋ ಮೆಟಲ್ ಫಿಲ್ಮೋ? ಕಿವಿಯ ಭಾಗದಲ್ಲಿ ಯಾವುದಾದರೂ ಆಗುತ್ತದೆ. ಸಪ್ಪಳದ ದಾರಿಯಲ್ಲಿ, ಅದರಲ್ಲೂ ಇನ್‌ಪುಟ್ ಹತ್ತಿರ, ಮೆಟಲ್ ಫಿಲ್ಮ್ ಹಾಕಿ. ಕಂಪ್ರೆಸರ್ ನೀವು ನುಡಿಸದಿದ್ದಾಗಲೇ ಅತಿ ಹೆಚ್ಚು ಏರಿಸುವುದು, ಆದ್ದರಿಂದ ಎಲ್ಲ ಹಿಸ್ಸೂ ಆಗಲೇ ಎದ್ದು ಕಾಣುತ್ತದೆ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗೆ ದುಬಾರಿ ಕೊಟ್ಟು "ವಿಂಟೇಜ್" ಮಾಡುವವರಿದ್ದಾರೆ. ಈ ಪೆಡಲ್‌ನಲ್ಲಿ ಅವರು ಕೊಂಡಿದ್ದು ಹಿಸ್. ಮೆಟಲ್ ಫಿಲ್ಮ್‌ನ ಐದು ಪಟ್ಟಿಗಳು ನೀಲಿ ಮೈಮೇಲೆ ಓದುವುದಕ್ಕೆ ಬಲು ಕಿರಿಕಿರಿ ಎಂಬುದು ನಿಜ. ಕಂದು, ಹಸಿರು, ಕಪ್ಪು, ಕಿತ್ತಳೆ, ಕಂದು ಅಂದರೆ 150 ಕೆ. ಉಲ್ಟಾ ಹಿಡಿದರೆ ಕೂಡ ಕಂದಿನಿಂದಲೇ ಶುರುವಾಗುತ್ತದೆ, 13 ಮೆಗಾ ಅಂತ ಓದುತ್ತೀರಿ! ಮೀಟರ್ ಇರುವುದು ಯಾಕೆ?

ಪವರ್ ಕಡೆಯ ಡಯೋಡ್

ಗಿಟಾರ್ ಪೆಡಲ್‌ಗಳ ಅಡಾಪ್ಟರ್ ಪಿನ್‌ನ ನಡುಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್‌ಗಳ ನಡುಭಾಗ ಸಾಮಾನ್ಯವಾಗಿ ಪ್ಲಸ್. ಪಿನ್ ಎರಡಕ್ಕೂ ಕೂರುತ್ತದೆ. ಕತ್ತಲ ವೇದಿಕೆಯಲ್ಲಿ ಯಾರೋ ಚುಚ್ಚಿಯೇ ಚುಚ್ಚುತ್ತಾರೆ. ಅದಕ್ಕೆ ಒಂದು ಕಾವಲಿನ ಡಯೋಡ್ ಬೇಕು.

ಸುಲಭದ ದಾರಿ ಪ್ಲಸ್ ತಂತಿಯಲ್ಲಿ ಸಾಲಾಗಿ 1ಎನ್5817. ಇಲ್ಲಿ ಅದರ ಕಡಿಮೆ ಡ್ರಾಪ್ ಉಪಯೋಗಕ್ಕೆ ಬರುತ್ತದೆ, ಸೋರಿಕೆ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ 1ಎನ್4007 ಹಾಕಿ. 0.6 ವೋಲ್ಟ್ ಕಳೆದುಕೊಳ್ಳುತ್ತೀರಿ, ಈ ಪೆಡಲ್‌ಗೆ ಅದು ದೊಡ್ಡದಲ್ಲ. ಕೆಲವು ಚಿತ್ರಗಳಲ್ಲಿ 100 ಓಮ್ ಸಾಲಾಗಿ, ಅದರಾಚೆ ಡಯೋಡ್ ಗ್ರೌಂಡ್‌ಗೆ ಹಿಮ್ಮುಖವಾಗಿ ಇರುತ್ತದೆ. ಅದರಲ್ಲಿ ಉಲ್ಟಾ ಅಡಾಪ್ಟರ್ ಚುಚ್ಚಿದರೆ 83 ಮಿಲಿ ಆಂಪಿಯರ್ ಹರಿದು ರೆಸಿಸ್ಟರ್‌ನಲ್ಲಿ ಮುಕ್ಕಾಲು ವ್ಯಾಟ್ ಹತ್ತಿರ ಬೀಳುತ್ತದೆ. ಕಾಲು ವ್ಯಾಟ್ ರೆಸಿಸ್ಟರ್ ಕಪ್ಪಾಗುತ್ತದೆ. ಸರ್ಕ್ಯೂಟ್‌ನ ಇದೊಂದೇ ಜಾಗದಲ್ಲಿ ವ್ಯಾಟ್ ನೋಡಬೇಕು, 1 ವ್ಯಾಟ್ ಹಾಕಿ.

ಕೊನೆಗೆ, ಡಬ್ಬಿ ಮುಚ್ಚುವ ಮುಂಚೆ

ಕಿವಿಯ ಎರಡು ಡಯೋಡ್ ಮತ್ತು 150 ಕೆ, ಈ ಮೂರು ಜಾಗಗಳಿಗೆ ಬೆಸುಗೆ ಹಾಕಬೇಡಿ. ಐಸಿ ಸಾಕೆಟ್‌ನ ಪಟ್ಟಿಯನ್ನು ಕತ್ತರಿಸಿ ಎರಡೆರಡು ತೂತಿನ ಸಣ್ಣ ಸಾಕೆಟ್ ಮಾಡಿಕೊಳ್ಳಿ. ಒಂದು ತೆಗೆದು ಇನ್ನೊಂದು ಚುಚ್ಚಿ ನೋಡಬಹುದು. ಕಿವಿಗೆ ನೆನಪು ಕಡಿಮೆ, ಬದಲಾವಣೆಯ ನಡುವೆ ಐದು ನಿಮಿಷ ಬೆಸುಗೆ ಹಾಕುತ್ತಾ ಕೂತರೆ ಹಿಂದಿನದು ಹೇಗಿತ್ತು ಎಂಬುದೇ ಮರೆತುಹೋಗುತ್ತದೆ. ಹೋಲಿಸುವಾಗ ವಾಲ್ಯೂಮ್ ನಾಬ್‌ನಿಂದ ಎರಡನ್ನೂ ಒಂದೇ ಜೋರಿಗೆ ತನ್ನಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ.

ಜೊತೆಗೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ನ ಪ್ಲಸ್ ಕಾಲಿಗೆ ಮೀಟರ್ ಹಿಡಿಯಿರಿ. ಸುಮ್ಮನಿದ್ದಾಗ 9ರ ಹತ್ತಿರ ಇರಬೇಕು. ಜೋರಾಗಿ ಬಾರಿಸಿದರೆ ಚಕ್ಕನೆ ಇಳಿದು, ತಂತಿ ಅಡಗಿದಂತೆ ನಿಧಾನವಾಗಿ ಏರಬೇಕು. ಬಾರಿಸಿದರೂ ಅಲ್ಲಾಡದಿದ್ದರೆ ಡಯೋಡ್ ದಿಕ್ಕು ತಪ್ಪಿದೆ, ಇಲ್ಲವೇ ಪಕ್ಕದ ಟ್ರಾನ್ಸಿಸ್ಟರ್‌ನ ಕಾಲು ತಪ್ಪಿದೆ. 2ಎನ್3904 ಬದಲು ಬಿಸಿ547 ಹಾಕಿದ್ದರೆ ಎರಡನೆಯದೇ ಇರಬೇಕು, ಅವೆರಡರ ಕಲೆಕ್ಟರ್, ಎಮಿಟರ್ ಅದಲುಬದಲು. ಸುಮ್ಮನಿದ್ದಾಗಲೇ 5 ವೋಲ್ಟ್ ತೋರಿಸಿದರೆ ಕೆಪ್ಯಾಸಿಟರ್ ಸೋರುತ್ತಿದೆ. ಅಥವಾ ನಿಮ್ಮ ಕೈಯಲ್ಲಿರುವುದು ಅಪ್ಪನ ಕಾಲದ ಮುಳ್ಳಿನ ಮೀಟರ್. ವೋಲ್ಟ್‌ಗೆ 20 ಕೆ ಲೆಕ್ಕದ ಮೀಟರ್ 10 ವೋಲ್ಟ್ ರೇಂಜ್‌ನಲ್ಲಿ 200 ಕೆ ಹೊರೆ ಹಾಕುತ್ತದೆ, 150 ಕೆ ಎದುರು ಅದು ಅಳೆಯುವುದಿಲ್ಲ, ಕುಡಿಯುತ್ತದೆ. ಡಿಜಿಟಲ್ ಮೀಟರ್ ತಗೊಳ್ಳಿ.

ಯಾವ ಜಾಗದಲ್ಲಿ ಏನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ತಳದ ಮುಚ್ಚಳದ ಒಳಗೆ ಅಂಟಿಸಿ. ನನ್ನದರಲ್ಲಿ ಈಗ ಎರಡು ಕೆಂಪು ಎಲ್‌ಇಡಿ, 100 ಕೆ, ಅಳೆದು ಹಾಕಿದ 27 ಕೆ. ಚೀಟಿಯ ಕೆಳಗೆ "ನಾಬ್ ಎಡಕ್ಕೆ ತಿರುಗಿಸಿದರೆ ಜಾಸ್ತಿ" ಅಂತಲೂ ಬರೆದಿದ್ದೇನೆ.